ಭೂಗರ್ಭದ ಶೋಧಕ್ಕೆ ಹಣ ತೆರುವವರಾರು?

ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದ ಹೆಸರನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಕಂಡಿರಬಹುದು. ಅಲ್ಲಿಯ ಶಿಲೆಗಳಲ್ಲಿ ಸುಮಾರು 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯವು ತಿಳಿಸಿದ ಪರಿಮಾಣ 1,600 ಟನ್. ಅದೂ ‘ಊಹಿತ’ ವರ್ಗಕ್ಕೆ ಸೇರಿದ್ದು. ಒಂದು ವರ್ಷದೊಳಗೆ ಲೋಹವೇನು ಆವಿಯಾಗಿ ಹೋಯಿತೆ? ಹಾಗೇನೂ ಇಲ್ಲ. ನೆಲದೊಳಗಣ ಸಂಪತ್ತೆಂಬುದು ನಮ್ಮ ಅರಿವಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಒಂದು ಸಂಖ್ಯೆ. ಆ ಅರಿವನ್ನು ಹಣ ತೆತ್ತು ಸಂಪಾದಿಸಬೇಕು.

ಲಿಥಿಯಂ ಏಕೆ ಅಷ್ಟು ಸುಲಭವಾಗಿ ಕೈಗೆ ಸಿಕ್ಕದು? ಕಬ್ಬಿಣದ ಅದುರಾದರೆ ಕಾಂತಮಾಪಕದ ಕಣ್ಣಿಗೆ ಬೀಳುವುದುಂಟು. ಯುರೇನಿಯಂ ತನ್ನ ಗಾಮಾ ಕಿರಣಗಳಿಂದಲೇ ತನ್ನ ಇರವನ್ನು ಸಾರಿ ಹೇಳುತ್ತದೆ. ಲಿಥಿಯಂಗೆ ಕಾಂತತ್ವವೂ ಇಲ್ಲ, ವಿಕಿರಣವೂ ಇಲ್ಲ. ಅದನ್ನೊಳಗೊಂಡ ಪೆಗ್ಮಟೈಟ್ ಶಿಲೆ ಹಲವೆಡೆ ಕೆಲವೇ ಮೀಟರ್ ದಪ್ಪದ ಹಾಳೆಗಳಂತೆ ಹರಡಿರುವುದರಿಂದ ಗುರುತ್ವಮಾಪನದಿಂದಲೂ ಹೆಚ್ಚು ನೆರವು ದೊರೆಯದು. ಕ್ಷೇತ್ರಕ್ಕೆ ಕೈಯಲ್ಲಿ ಹಿಡಿದೊಯ್ಯುವ ಕ್ಷ-ಕಿರಣ ಉಪಕರಣವಾದರೂ ನೆರವಾಗಬಾರದೆ? ಕಬ್ಬಿಣದ ಪರಮಾಣು ಹೊರಸೂಸುವ ವಿಶಿಷ್ಟ ಕ್ಷ-ಕಿರಣದ ಶಕ್ತಿ ಸುಮಾರು 6,400 ಎಲೆಕ್ಟ್ರಾನ್-ವೋಲ್ಟ್. ಲಿಥಿಯಂದು ಕೇವಲ 54. ಇಷ್ಟು ಬಡಕಲು ಕಿರಣವನ್ನು ನಡುವಣ ಗಾಳಿಯೇ ನುಂಗಿಬಿಡುತ್ತದೆ. ಆದುದರಿಂದ ಶೋಧಕರು ಬಳಸುದಾರಿ ಹಿಡಿಯುತ್ತಾರೆ. ಪೆಗ್ಮಟೈಟಿನ ಫೆಲ್ಡ್‌ಸ್ಪಾರಿನಲ್ಲಿ ಪೊಟ್ಯಾಸಿಯಂ ಉಂಟಷ್ಟೆ. ಅದರ ವಿಕಿರಣಶೀಲ ಅಂಶವು ಸೂಸುವ 14.6 ಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಗಾಮಾ ಕಿರಣವನ್ನು ವಿಮಾನದಿಂದಲೂ ಅಳೆಯಬಹುದು. ಇಲ್ಲವೆ ಶಿಲೆಯ ಮೇಲೆ ಲೇಸರ್ ಕಿರಣವನ್ನು ಹಾಯಿಸಿ, ಏಳುವ ಕಿಡಿಯ ರೋಹಿತದಲ್ಲಿ 670.8 ನ್ಯಾನೋಮೀಟರಿನ ಕೆಂಪು ಗೆರೆಯನ್ನು ಹುಡುಕಬಹುದು. ಪ್ರಯೋಗಶಾಲೆಯಲ್ಲಿ ಜ್ವಾಲಾಪರೀಕ್ಷೆ ಮಾಡಿದ ವಿದ್ಯಾರ್ಥಿಗಳಿಗೆ ಆ ಕೆಂಪು ಬಣ್ಣ ಅಪರಿಚಿತವಲ್ಲ.

ಇಷ್ಟಾದ ಮೇಲೂ ಬೈರಿಗೆ ಕೊರೆಯದೆ ಗತ್ಯಂತರವಿಲ್ಲ. ಕೊಳವೆ ಬಾವಿ ತೋಡಿಸಿದ ನಮ್ಮ ರೈತನಿಗೆ ಈ ಸಂಕಟ ಚೆನ್ನಾಗಿ ಗೊತ್ತು: ನೀರು ಬಿದ್ದರೂ ಬೀಳದಿದ್ದರೂ ಅಡಿಗಿಷ್ಟೆಂದು ಹಣ ಕೊಡಲೇಬೇಕು. ಖನಿಜಶೋಧದಲ್ಲಿ ಬರಿದಾಗುವ ರಂಧ್ರಗಳೇ ಹೆಚ್ಚು. ಸ್ಥೂಲ ಸಮೀಕ್ಷೆಯಿಂದ ಸವಿಸ್ತರ ಶೋಧದವರೆಗೆ ಜಿ4, ಜಿ3, ಜಿ2, ಜಿ1 ಎಂಬ ನಾಲ್ಕು ಮೆಟ್ಟಿಲುಗಳಿವೆ. ಮಾರ್ಲಗಲ್ಲದ ‘ಊಹಿತ’ ಎಂಬುದು ಎರಡನೆಯ ಮೆಟ್ಟಿಲಿನ ಮಾತು. ಕೆಳಗಣ ಮೆಟ್ಟಿಲುಗಳಲ್ಲಿ ನಷ್ಟಭಯ ಅತ್ಯಧಿಕ; ಅಲ್ಲಿಗೆ ಖಾಸಗಿ ಬಂಡವಾಳ ಸಹಜವಾಗಿಯೇ ಬರಲು ಅಂಜುತ್ತದೆ.

ಈ ಕೊರತೆಯನ್ನು ತುಂಬಲೆಂದೇ 2015ರಲ್ಲಿ ರಾಷ್ಟ್ರೀಯ ಖನಿಜ ಶೋಧನಾ ನ್ಯಾಸ ಸ್ಥಾಪಿತವಾಯಿತು. ಗಣಿ ಗುತ್ತಿಗೆದಾರರು ರಾಜಧನದ ಶೇಕಡ 2ರಷ್ಟನ್ನು ಅದಕ್ಕೆ ಸಲ್ಲಿಸಬೇಕೆಂಬ ವಿಧಿಯಾಯಿತು. 2025ರ ತಿದ್ದುಪಡಿ ಅದನ್ನು ಶೇಕಡ 3ಕ್ಕೆ ಏರಿಸಿತು. ಇಂದು ಅಗೆದು ತೆಗೆಯುವ ಅದುರು ನಾಳಿನ ಹುಡುಕಾಟಕ್ಕೆ ತೆರಿಗೆ ತೆರುವ ಈ ಏರ್ಪಾಡು ನನಗಂತೂ ನ್ಯಾಯವಾಗಿ ಕಾಣುತ್ತದೆ. ಭಾರತ ಸರ್ಕಾರ 2023ರಲ್ಲಿ 30 ಖನಿಜಗಳನ್ನು ನಿರ್ಣಾಯಕವೆಂದು ಹೆಸರಿಸಿತು. 2025ರ ಜನವರಿಯಲ್ಲಿ ಮಂಜೂರಾದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಏಳು ವರ್ಷಗಳ ಅವಧಿಗೆ 16,300 ಕೋಟಿ ರೂಪಾಯಿ ಗೊತ್ತಾಗಿದೆ. 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ 2031ರೊಳಗೆ 1,200 ಶೋಧ ಯೋಜನೆಗಳ ಹೊಣೆ ಬಿದ್ದಿದೆ.

ಆದರೆ ಎಲ್ಲ ಹಣವನ್ನೂ ಬೈರಿಗೆಗೇ ಸುರಿದರೆ ಸಾಲದು. ಕಾಶ್ಮೀರದ ಕಡೆಯ ರಿಯಾಸಿಯಲ್ಲಿ 59 ಲಕ್ಷ ಟನ್ನಿನ ನಿಕ್ಷೇಪವಿದೆಯೆಂದು 2023ರ ಫೆಬ್ರವರಿಯಲ್ಲಿ ಸಾರಲಾಯಿತು. ಅದು ಅದುರಿನ ತೂಕವೇ ಹೊರತು ಲಿಥಿಯಂನ ತೂಕವಲ್ಲ. ಈ ಭೇದವನ್ನು ಗಮನಿಸದೆ ಸಂಭ್ರಮಿಸಿದವರು ಹಲವರು. ಮುಂದಿನ ವರ್ಷ ಹರಾಜಿಗೆ ಸಾಕಷ್ಟು ಮಂದಿ ಮುಂದೆ ಬಾರದೆ ಅದು ರದ್ದಾಯಿತು. ಅಲ್ಲಿಯ ಜೇಡಿಯಿಂದ ಲೋಹವನ್ನು ಲಾಭಕರವಾಗಿ ಬೇರ್ಪಡಿಸುವ ವಿಧಾನ ಇನ್ನೂ ಸಿದ್ಧವಾಗಬೇಕಾಗಿದೆ. ಇಂತಹ ಸಂಶೋಧನೆಗಾಗಿ ಅಭಿಯಾನವು ಗುರುತಿಸಿರುವ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಒಂದು. ಕ್ಷೇತ್ರದಲ್ಲಿ ಬಳಸುವ ಗುರುತ್ವಮಾಪಕಗಳನ್ನೂ ರೋಹಿತಮಾಪಕಗಳನ್ನೂ ಇಲ್ಲಿಯೇ ನಿರ್ಮಿಸುವ ಕೆಲಸಕ್ಕೆ ಇಂಥದೇ ಬೆಂಬಲ ದೊರೆತರೆ, ಭೌತವಿಜ್ಞಾನದ ಪದವೀಧರರಿಗೂ ಭೂಗರ್ಭದಲ್ಲಿ ಬೇಕಾದಷ್ಟು ಕೆಲಸವಿದೆ.