ನಾಲ್ವರು ಕೂಡಿ ಒಂದು ಮದುವೆ

ಮದುವೆಗೆ ಇಬ್ಬರು ಸಾಕೆಂದು ನಾವು ತಿಳಿದಿದ್ದೇವೆ. 'ಓ' ಎಂಬ ಗ್ರಹದ ಜನಕ್ಕೆ ನಾಲ್ವರು ಬೇಕು. ಗ್ರಹವೇನೋ ಕಲ್ಪನೆಯದು. ಅಮೆರಿಕದ ಲೇಖಕಿ ಅರ್ಸುಲಾ ಲೆಗ್ವಿನ್ (1929-2018) ತೊಂಬತ್ತರ ದಶಕದ ಕೆಲವು ಕತೆಗಳಲ್ಲಿ ಅದನ್ನು ಕಟ್ಟಿದರು. ಆದರೆ ಅಲ್ಲಿಯ ನಂಟಸ್ತಿಕೆಯ ಲೆಕ್ಕ ಆಕೆಯ ನಾಡಿನವರಿಗಿಂತ ನಮಗೇ ಬೇಗ ತಿಳಿದೀತು.

ಓ ಗ್ರಹದಲ್ಲಿ ಎರಡು ಪಂಗಡ: ಮುಂಜಾನೆಯವರು ಮತ್ತು ಸಂಜೆಯವರು. ಪಂಗಡ ಬರುವುದು ತಾಯಿಯಿಂದ. ಒಂದೇ ಪಂಗಡದವರು ಕೂಡುವುದು ನಿಷಿದ್ಧ. ಎಷ್ಟೇ ದೂರದ ಊರಿನವರಾಗಿರಲಿ, ರಕ್ತಸಂಬಂಧ ಎಳ್ಳಷ್ಟೂ ಇಲ್ಲದಿರಲಿ, ನಿಯಮ ಸಡಿಲವಾಗದು. ಇದು ನಮಗೆ ವಿಚಿತ್ರವೇನಲ್ಲ. ಸಗೋತ್ರದಲ್ಲಿ ಹೆಣ್ಣು ತರುವುದಿಲ್ಲ ಎನ್ನುವವರ ಮಾತೂ ಇದೇ. ತುಳುನಾಡಿನಲ್ಲಂತೂ 'ಬಳಿ' ಬರುವುದು ತಾಯಿಯಿಂದಲೇ. ಒಂದೇ ಬಳಿಯವರು ಮದುವೆಯಾಗುವಂತಿಲ್ಲ.

ವಿಚಿತ್ರ ಇರುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿ ಪಂಗಡದಿಂದ ಒಬ್ಬ ಗಂಡು, ಒಬ್ಬ ಹೆಣ್ಣು ಸೇರಿ ನಾಲ್ವರ ಸಂಸಾರವಾಗುತ್ತದೆ. ಅದರ ಹೆಸರು 'ಸೆಡೊರೇಟು'. ಮುಂಜಾನೆಯ ಹೆಣ್ಣಿಗೂ ಸಂಜೆಯ ಗಂಡಿಗೂ ನಡುವಿನದು ಮುಂಜಾನೆ ಮದುವೆ; ಸಂಜೆಯ ಹೆಣ್ಣು, ಮುಂಜಾನೆಯ ಗಂಡಿನದು ಸಂಜೆ ಮದುವೆ. ಇಬ್ಬರು ಹೆಂಗಸರ ನಡುವಿನದು ಹಗಲಿನ ಮದುವೆ, ಇಬ್ಬರು ಗಂಡಸರದು ಇರುಳಿನ ಮದುವೆ. ಹೀಗೆ ನಾಲ್ಕು ದಾಂಪತ್ಯಗಳು ಅಲ್ಲಿ ಸಮ್ಮತ ಮಾತ್ರವಲ್ಲ, ನಿರೀಕ್ಷಿತ. ಉಳಿದ ಎರಡು ಜೋಡಿಗಳು, ಅಂದರೆ ಒಂದೇ ಪಂಗಡದ ಗಂಡು ಹೆಣ್ಣು, ಒಂದೇ ಸೂರಿನಡಿ ಬಾಳಿದರೂ ಪರಸ್ಪರ ಮುಟ್ಟುವಂತಿಲ್ಲ. ನಮ್ಮಲ್ಲಿ ಜನ ಹುಬ್ಬೇರಿಸುವ ಸಂಬಂಧ ಅಲ್ಲಿ ಮರ್ಯಾದೆಯದು. ನಮಗೆ ಸಹಜವೆನಿಸುವುದು ಅಲ್ಲಿ ಹೇಸಿಗೆಯದು.

ಮಕ್ಕಳ ವಿಷಯ ಇನ್ನೂ ಸ್ವಾರಸ್ಯ. ಮುಂಜಾನೆಯ ತಾಯಿಯ ಮಕ್ಕಳು ಮುಂಜಾನೆಯವರು, ಸಂಜೆಯ ತಾಯಿಯ ಮಕ್ಕಳು ಸಂಜೆಯವರು. ಒಂದೇ ಅಂಗಳದಲ್ಲಿ ಆಡಿ ಬೆಳೆದರೂ ಇವರಿಗೆ ತಂದೆಯೂ ಬೇರೆ, ತಾಯಿಯೂ ಬೇರೆ, ಪಂಗಡವೂ ಬೇರೆ. ಆದ್ದರಿಂದ ಮದುವೆಯಾಗಬಹುದು. ನಮ್ಮಲ್ಲಿ ಚಿಕ್ಕಪ್ಪನ ಮಗಳು ತಂಗಿ, ಸೋದರತ್ತೆಯ ಮಗಳು ಮದುವೆಗೆ ವರಸೆಯವಳು. ರಕ್ತದ ದೂರ ಎರಡೂ ಕಡೆ ಒಂದೇ, ಆದರೂ ಒಬ್ಬಳನ್ನು ವರಿಸುವುದು ಪಾಪ, ಇನ್ನೊಬ್ಬಳನ್ನು ವರಿಸುವುದು ಹಕ್ಕು! ಇದನ್ನು ಹೊರಗಿನವರಿಗೆ ವಿವರಿಸಲು ಹೋದವರಿಗೆ ಗೊತ್ತು ಪಾಡು. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಇಬ್ಬರಲ್ಲಿ ಯಾರನ್ನು ಮದುವೆಯಾದರೂ ಅದು ಕಾನೂನುಬಾಹಿರ.

ಲೆಗ್ವಿನ್‌ಗೆ ಈ ವಿದ್ಯೆ ಮನೆಯಲ್ಲೇ ಸಿಕ್ಕಿತು. ಆಕೆಯ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1925ರಲ್ಲಿ ಬಂತು. ಆ ನಾಡಿನ ಮಿವಾಕ್ ಜನರಲ್ಲೂ ನೀರಿನವರು, ನೆಲದವರು ಎಂಬ ಎರಡು ಪಾಲಿತ್ತು. ಅಲ್ಲಿ ಅದು ತಂದೆಯಿಂದ ಬರುತ್ತಿತ್ತು. ಅದಕ್ಕೂ ಹಿಂದೆ, 1871ರಲ್ಲಿ, ಲೂಯಿ ಮಾರ್ಗನ್ ಲೋಕದ ನಂಟಿನ ಪದಗಳನ್ನೆಲ್ಲ ಕಲೆಹಾಕಿದಾಗ ಅಮೆರಿಕದ ಇರೊಕ್ವಾ ಜನರ ಲೆಕ್ಕಕ್ಕೂ ದ್ರಾವಿಡರ ಲೆಕ್ಕಕ್ಕೂ ಇರುವ ಹೋಲಿಕೆ ಕಂಡು ಬೆರಗಾಗಿದ್ದ. ಆತನ ಪಟ್ಟಿಗಳಲ್ಲಿ ತಮಿಳು, ತೆಲುಗಿನೊಂದಿಗೆ ಕನ್ನಡವೂ ಇದೆ.

ಕಟ್ಟಳೆ ಕಟ್ಟಿಕೊಡುವುದು ಸುಲಭ. ಅದು ಹಿಂಡುವುದು ಎಲ್ಲಿ ಎಂದು ತೋರಿಸಿರುವುದರಲ್ಲಿ ಲೆಗ್ವಿನ್ ಹೆಚ್ಚುಗಾರಿಕೆ ಇದೆ. ಇಬ್ಬರ ಜಾತಕ ಕೂಡಿಸಲು ನಾವು ಪಡುವ ಪಾಡು ಸಾಲದೆ? ಅಲ್ಲಿ ನಾಲ್ವರನ್ನು ಹೊಂದಿಸಬೇಕು. 'ಮೌಂಟನ್ ವೇಸ್' (1996) ಎಂಬ ಕತೆ ನಡೆಯುವುದು ಜನ ವಿರಳವಾದ ಬೆಟ್ಟಸೀಮೆಯಲ್ಲಿ. ಹೊಲಮನೆಯ ಒಡತಿ ಷಾಹೆಸ್ ಮುಂಜಾನೆಯವಳು. ಅವಳು ಒಲಿದದ್ದು ಸಂಜೆ ಪಂಗಡದ ಎನ್ನೋ ಎಂಬವಳನ್ನು. ಇಬ್ಬರು ಹೆಂಗಸರ ಒಲವಿಗೆ ಅಲ್ಲಿ ಯಾರ ತಕರಾರೂ ಇಲ್ಲ. ಆದರೆ ಬರಿಯ ಇಬ್ಬರ ಒಲವು ಮದುವೆಯಾಗದು, ನಾಲ್ವರು ಬೇಕು. ಕೊನೆಗೆ ಲೆಕ್ಕ ತುಂಬಲು ಎನ್ನೋ ಗಂಡುವೇಷ ತೊಟ್ಟು ಸಂಜೆಯ ಗಂಡಾಗಿ ನಿಲ್ಲುತ್ತಾಳೆ. ಎನ್ನೋ ಧರ್ಮಗ್ರಂಥ ಓದಿದವಳು. ತಾನಾಡುವ ಪ್ರತಿಜ್ಞೆಯೇ ಸುಳ್ಳೆಂದು ಅವಳಿಗೆ ಗೊತ್ತು. ಮದುವೆಯಲ್ಲಿ ಇನ್ನೊಬ್ಬ ಗಂಡಸಿದ್ದಾನೆ. ಇರುಳಿನ ಮದುವೆಯಲ್ಲಿ ಅವನ ಜೊತೆಗಾರನಾಗಬೇಕಾದ ಗಂಡಸೇ ಇಲ್ಲ ಎಂಬ ಸಂಗತಿಯನ್ನು ಅವನಿಗೆ ಹೇಳುವವರು ಯಾರು ಎಂಬಲ್ಲಿ ಕತೆ ಬಿಗಿಯಾಗುತ್ತದೆ.