ಮುರಿದ ಹಾಯಿಕಂಬ ಮತ್ತೆ ನಿಲ್ಲುವ ಬಗೆ

ಎಲ್ಲೂ ನಿಲ್ಲದೆ, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಪಂದ್ಯ ವಾಂದೆ ಗ್ಲೋಬ್. 2000ದ ಡಿಸೆಂಬರ್‌ನಲ್ಲಿ ಅದರಲ್ಲಿದ್ದ ಫ್ರಾನ್ಸಿನ ಈವ್ ಪಾರ್ಲಿಯೇ ಅವರ ಕಾರ್ಬನ್ ಫೈಬರ್ ಹಾಯಿಕಂಬ ದಕ್ಷಿಣದ ಕಡಲಲ್ಲಿ ಮುರಿಯಿತು. ಹೊರಗಿನ ನೆರವು ಪಡೆಯುವಂತಿರಲಿಲ್ಲ. ನ್ಯೂಜಿಲೆಂಡಿನ ಸ್ಟೂವರ್ಟ್ ದ್ವೀಪದ ಮರೆಯಲ್ಲಿ ಲಂಗರು ಹಾಕಿ, ತುಂಡುಗಳನ್ನು ತಾವೇ ಬೆಸೆದು, ರಾಳ ಗಟ್ಟಿಯಾಗಲು ಬೇಕಾದ ಶಾಖವನ್ನು ವಿದ್ಯುತ್ ಬಲ್ಬುಗಳಿಂದ ಪಡೆದು ಕಂಬ ನಿಲ್ಲಿಸಿದರು. 126 ದಿನಗಳಲ್ಲಿ 13ನೆಯವರಾಗಿ ಪಂದ್ಯ ಮುಗಿಸಿದರು. ಅವರ ಎದೆಗಾರಿಕೆ ದೊಡ್ಡದು. ಆ ಬೆಸುಗೆ ತಾಳಿದ್ದು ಹೇಗೆಂಬುದು ಅಷ್ಟೇ ಕುತೂಹಲದ ಸಂಗತಿ.

ಇಂಥ ಕಂಬದಲ್ಲಿ ಭಾರ ಹೊರುವುದು ಕಾರ್ಬನ್ ಎಳೆ; ಎಪಾಕ್ಸಿ ರಾಳ ಎಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ತುಂಡಾದ ಎಳೆ ಮತ್ತೆ ಕೂಡದು. ಹಳೆಯ ಎಳೆಯ ಭಾರ ಹೊಸದಕ್ಕೆ ದಾಟಬೇಕಾದರೆ ನಡುವಿನ ಅಂಟೇ ದಾರಿ. ತೊಡಕಿರುವುದು ಇಲ್ಲೇ. ಎಳೆಯ ದಿಕ್ಕಿನಲ್ಲಿ ಕಾರ್ಬನ್ ಪದರ ಚದರ ಮಿಲಿಮೀಟರಿಗೆ ನೂರಾರು ನ್ಯೂಟನ್ ತಾಳಿದರೆ, ಜಾರಿಸುವ ಬಲದೆದುರು ಅಂಟು ತಾಳುವುದು ಕೆಲವು ಹತ್ತು ನ್ಯೂಟನ್ ಮಾತ್ರ. ಈ ಕೊರತೆಯನ್ನು ವಿಸ್ತೀರ್ಣದಿಂದ ತುಂಬಬೇಕು. ಅದಕ್ಕೇ ಮುರಿದ ತುದಿಯನ್ನು ಪೆನ್ಸಿಲ್ ಹೆರೆದಂತೆ ಉದ್ದಕ್ಕೆ ಓರೆಯಾಗಿ ಉಜ್ಜುತ್ತಾರೆ. 5 ಮಿ.ಮೀ. ದಪ್ಪದ ಗೋಡೆಗೆ 1:20ರ ಇಳಿಜಾರು ಕೊಟ್ಟರೆ 100 ಮಿ.ಮೀ. ಉದ್ದದ ಅಂಟುಮೈ ಸಿಗುತ್ತದೆ. ಒಳಗೆ ತೂರಿಸಿದ ಕೊಳವೆ ತುಂಡುಗಳನ್ನು ನೇರವಾಗಿ ಹಿಡಿಯುತ್ತದೆ. ಅದರ ಮೇಲೆ ರಾಳ ಕುಡಿಸಿದ ಕಾರ್ಬನ್ ಬಟ್ಟೆಯ ಪದರಗಳು. ಬಹುಪಾಲು ಎಳೆಗಳು ಕಂಬದ ಉದ್ದಕ್ಕೇ ಇರಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿ ಒಳಗಿನ ಗಾಳಿಯನ್ನು ಹೀರಿದರೆ ವಾತಾವರಣದ ಒತ್ತಡವೇ, ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ತೂಕದಷ್ಟು, ಪದರಗಳನ್ನು ಅದುಮುತ್ತದೆ.

ಇಷ್ಟೆಲ್ಲ ಏಕೆ, ಲೋಹದ ಪಟ್ಟಿಯಿಟ್ಟು ಬೋಲ್ಟ್ ಬಿಗಿದರಾಗದೇ ಎಂದು ಕೇಳಬಹುದು. ದಡ ಸೇರುವ ತುರ್ತಿಗೆ ಆದೀತು. ಆದರೆ ಪ್ರತಿ ತೂತೂ ಇನ್ನಷ್ಟು ಎಳೆ ಕಡಿಯುತ್ತದೆ. ಉಪ್ಪುನೀರಿನಲ್ಲಿ ಕಾರ್ಬನ್ನಿಗೆ ತಗುಲಿದ ಅಲ್ಯೂಮಿನಿಯಂ ಬೇಗ ಕೊರೆದುಹೋಗುತ್ತದೆ. ಬೆಸೆದಲ್ಲಿ ಕಂಬ ಪೆಡಸಾಗಿ, ಮುಂದಿನ ಸಲ ಅದರ ಅಂಚಿನಲ್ಲೇ ಮುರಿಯುತ್ತದೆಂಬ ಆಕ್ಷೇಪಕ್ಕೆ ತೂಕ ಹೆಚ್ಚು. ಹೊಸ ಪದರಗಳೆಲ್ಲ ಒಂದೇ ಗೆರೆಯಲ್ಲಿ ನಿಂತರೆ ಹಾಗೇ ಆಗುತ್ತದೆ. ಒಂದೊಂದನ್ನೂ ತುಸು ಮುಂದೆ ಚಾಚಿ ದಪ್ಪವನ್ನು ಮೆಲ್ಲಗೆ ಇಳಿಸಿದರೆ ಒತ್ತಡ ಒಂದೆಡೆ ಕೂಡುವುದಿಲ್ಲ. ನನಗೆ ಹೆಚ್ಚು ಆತಂಕದ್ದು ಕಣ್ಣಿಗೆ ಬೀಳದ ಬಿರುಕು. ಮುರಿತದಿಂದ ದೂರದಲ್ಲೂ ಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ತಟ್ಟಿದಾಗ ಗಟ್ಟಿ ಜಾಗ ಟಣ್ಣೆನ್ನುತ್ತದೆ, ಬಿಟ್ಟ ಜಾಗ ಬೊದ್ದಾಗಿ ಕೇಳಿಸುತ್ತದೆ. ಅನುಮಾನವಿದ್ದಲ್ಲಿ ಅಲ್ಟ್ರಾಸೌಂಡ್ ಬೇಕು. ಈ ತಪಾಸಣೆ ಮುಗಿಯದೆ ಉಜ್ಜಲು ಕೈಹಾಕಬಾರದು, ಬೆಸೆದ ಮೇಲೆ ಇನ್ನೊಮ್ಮೆ ಮಾಡದೆ ಬಣ್ಣ ಬಳಿಯಲೂ ಬಾರದು.