ಶಿಲ್ಪದ ಮುಂದೆ ಸೆಲ್ಫಿ ಅಷ್ಟೇನಾ? ಮಕ್ಕಳಿಗೆ ಕಲೆ ತೋರಿಸೋದು ಹೀಗೆ

ದೇವರಗುಡ್ಡ: ಶಿಗ್ಗಾಂವಿ ತಾಲ್ಲೂಕು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಶಾಲೆ ಮಕ್ಕಳು, ಮನೆಮಂದಿ ಪ್ರವಾಸ ಹೋಗ್ತಾರೆ. ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರ ರೂಪಿಸಿದ ಈ ಬಯಲು ಮ್ಯೂಸಿಯಂನಲ್ಲಿ ಹಳ್ಳಿ ಬದುಕು ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಬರೀ ಸೆಲ್ಫಿ ತಗೊಂಡು ಬಂದ್ರೆ ಮಕ್ಕಳು ಕಲಿಯೋದೇನು?

3 ಪ್ರಶ್ನೆ ಸಾಕು
ಅಮೆರಿಕದ ಅಬಿಗೈಲ್ ಹೌಸನ್, ಫಿಲಿಪ್ ಯೆನವೈನ್ ರೂಪಿಸಿದ ವಿಧಾನದಲ್ಲಿ ವಿವರಣೆ ಮೊದಲಲ್ಲ, ಪ್ರಶ್ನೆ ಮೊದಲು. ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗಂತೀ? ಇನ್ನೇನು ಕಾಣ್ತದೆ? ಉತ್ತರಕ್ಕೆ ಸರಿ-ತಪ್ಪು ಹಾಕಬಾರದು.

ಅಜ್ಜ-ಅಜ್ಜಿ ಜೊತೆಗಿರಲಿ
ಮಕ್ಕಳು ಊಹಿಸಿದ ಮೇಲೆ ಕುಂಟಿ ಹೊಡೆದ ಅಜ್ಜ, ಬೀಸುವ ಕಲ್ಲು ತಿರುವಿದ ಅಜ್ಜಿ ಬಾಯಿಬಿಡಲಿ. ಶಿಲ್ಪ ಇನ್ನೂ ಬಹಳ ವರ್ಷ ಇರ್ತದೆ. ಆ ಕೆಲಸ ಮಾಡಿ ಗೊತ್ತಿದ್ದವರು ಇರೋದಿಲ್ಲ.

ಹೈಸ್ಕೂಲ್ ಮಕ್ಕಳಿಗೆ ಹೊಣೆ ಕೊಡಿ
ಈ ವಯಸ್ಸಿನವರಿಗೆ ಭಾಷಣ ಹಿಡಿಸೋದಿಲ್ಲ. ಒಂದೇ ಶಿಲ್ಪ ಆರಿಸಿ 10 ನಿಮಿಷ ನೋಡಲಿ, ಚಿತ್ರ ಬಿಡಿಸಲಿ. ಆಮೇಲೆ ಚಿಕ್ಕವರಿಗೆ ತಾವೇ ತೋರಿಸಲಿ.

ಪ್ರವಾಸಕ್ಕೆ ಮೊದಲು ಊರಲ್ಲೇ ರೂಢಿ ಮಾಡಿಸಬಹುದು. ಗುಡ್ಡದ ಮಾಲತೇಶನ ಗೊರವಪ್ಪನ ಕಂಬಳಿ, ಡಮರುಗ, ಭಂಡಾರ ತೋರಿಸಿ ಇದೇ 3 ಪ್ರಶ್ನೆ ಕೇಳಿ ನೋಡಿ.